ಗೆರಟೆ ಮಸಿಗೆ ಹೊಂದುವ ಫೈರ್‌ಪಾಟ್: ಮನೆಯಲ್ಲೇ ಮಾಡುವ ಬಗೆ

ಕಾದ ಕಬ್ಬಿಣವನ್ನು ಅಡಿಗಲ್ಲಿನ ಮೇಲಿಟ್ಟು ಒಂದು ಏಟು ಹಾಕಿದ ಕೂಡಲೇ ಸುಟ್ಟ ಹಪ್ಪಳದ ಚೂರಿನ ಹಾಗೆ ಕಪ್ಪು ಪೊರೆ ಉದುರುತ್ತದಾ? ಹಾಗಾದರೆ ಗಾಳಿ ಊದುವ ಬ್ಲೋವರ್ ಬದಲಾಯಿಸುವ ಮೊದಲು ಕುಲುಮೆಯ ಕುಂಡದ, ಅಂದರೆ ಕೆಂಡ ತುಂಬುವ ಫೈರ್‌ಪಾಟಿನ, ಆಳ ಅಳೆದು ನೋಡಿ.

ನನ್ನ ಮೊದಲ ಕುಂಡ 3 ಮಿ.ಮೀ. ತಗಡಿನದ್ದು. ಬಾಣಲೆಯ ಹಾಗೆ ಅಗಲ, ಆಳ ಬರೀ ಎರಡು ಇಂಚು. ಲಾರಿಯ ಹಳೆ ಸ್ಪ್ರಿಂಗ್ ಪ್ಲೇಟಿನಿಂದ ಒಂದು ಕತ್ತಿ ಮಾಡಲು ಹೊರಟಿದ್ದೆ. ಒಂದು ಗೋಣಿ ಗೆರಟೆ ಮಸಿ, ಅಂದರೆ ತೆಂಗಿನ ಚಿಪ್ಪಿನ ಇದ್ದಿಲು, ಖಾಲಿಯಾಯಿತು. ಪ್ಲೇಟಿನ ಒಂದು ಅಂಚನ್ನು ಇಲಿ ಕಡಿದ ಹಾಗೆ ಬೆಂಕಿ ತಿಂದು ಹಾಕಿತ್ತು, ಆದರೆ ನಡುಭಾಗ ಇನ್ನೂ ಸರಿಯಾಗಿ ಕೆಂಪೇ ಆಗಿರಲಿಲ್ಲ. ಕುಂಡದ ತಗಡೂ ಸೊಟ್ಟಗಾಗಿತ್ತು. ಕಾಪುವಿನ ಹತ್ತಿರ ನಮ್ಮೂರಲ್ಲಿ ಕಬ್ಬಿಣ ಕೆಲಸದ ಒಬ್ಬರು ಹಿರಿಯ ಆಚಾರಿ ಇದ್ದಾರೆ, ಈಗ ಕೆಲಸ ನಿಲ್ಲಿಸಿದ್ದಾರೆ. ಅವರನ್ನು ಕರೆದು ತೋರಿಸಿದೆ. ಅವರು ಏನೂ ಹೇಳದೆ ತಣ್ಣಗಾದ ಕುಂಡದೊಳಗೆ ಕೈ ನಿಲ್ಲಿಸಿದರು. ಬೆರಳಿನ ಎರಡನೇ ಗೆಣ್ಣಿಗೇ ಅಂಚು ಬಂತು. ಆಮೇಲೆ ಇನ್ನೊಂದು ಕೈಯಿಂದ ತನ್ನ ಅಂಗೈಯ ನಡುಭಾಗ ಮುಟ್ಟಿ, "ಇಲ್ಲಿವರೆಗೆ ಬರಬೇಕು ಮಾರಾಯ, ಕಬ್ಬಿಣ ಕೆಂಡದ ಹೊಟ್ಟೆಯೊಳಗೆ ಮಲಗಬೇಕು" ಅಂದರು.

ಇಡೀ ವಿಷಯ ಅಷ್ಟೇ. ಮುಂದೆ ಬರೆದದ್ದೆಲ್ಲ ಆ ಹೊಟ್ಟೆಯನ್ನು ಹೇಗೆ ಮಾಡುವುದು ಅಂತ.

ಕೆಳಗಿನಿಂದ ಗಾಳಿ ಬರುತ್ತದೆ ಅಲ್ವಾ, ಅದು ಮೊದಲು ತಾಗುವ ಕೆಂಡದಲ್ಲಿ ಆಮ್ಲಜನಕ ಜಾಸ್ತಿ. ಅಲ್ಲಿ ಕಬ್ಬಿಣ ಇಟ್ಟರೆ ಆಮ್ಲಜನಕ ಕಬ್ಬಿಣವನ್ನೂ ತಿನ್ನುತ್ತದೆ, ಪೊರೆ ಏಳುವುದು ಅದರಿಂದಲೇ. ಗಾಳಿ ಮೂರು ನಾಲ್ಕು ಇಂಚು ಕೆಂಡದ ನಡುವೆ ಏರುವಷ್ಟರಲ್ಲಿ ಆಮ್ಲಜನಕ ಬಹುಪಾಲು ಉರಿದು ಮುಗಿದಿರುತ್ತದೆ, ಆದರೆ ಶಾಖ ಮಾತ್ರ ಹಾಗೇ ಉಂಟು. ಕಬ್ಬಿಣಕ್ಕೆ ಬೇಕಾದ ಜಾಗ ಅದು. ಅದರ ಮೇಲೆ ಇನ್ನೂ ಎರಡು ಇಂಚು ಕೆಂಡ ಮುಚ್ಚಿರಬೇಕು, ಇಲ್ಲದಿದ್ದರೆ ಮೇಲಿನ ಗಾಳಿ ತಾಗುತ್ತದೆ. ಕುಂಡ ಆಳ ಇಲ್ಲದಿದ್ದರೆ ನೀವು ಎಷ್ಟೇ ಊದಿ, ಆಮ್ಲಜನಕ ಉರಿದು ಮುಗಿಯದ ಗಾಳಿ ನೇರ ಕಬ್ಬಿಣಕ್ಕೇ ಹೊಡೆಯುತ್ತದೆ. ಜಾಸ್ತಿ ಊದಿದಷ್ಟೂ ಜಾಸ್ತಿ ಹಾಳು.

ಕಲ್ಲಿದ್ದಲಿಗೆ ಮೂರು ಮೂರೂವರೆ ಇಂಚು ಆಳ ಸಾಕಾಗುತ್ತದೆ. ನಮ್ಮ ಕಡೆ ಸುಲಭವಾಗಿ ಸಿಗುವುದು ಗೆರಟೆ ಮಸಿ. ಬೂದಿ ಕಡಿಮೆ, ಕಲ್ಲಿದ್ದಲಿನ ಹಾಗೆ ಬೂದಿ ಕರಗಿ ಗಟ್ಟಿ ಕಟ್ಟುವ ಕಾಟ ಇಲ್ಲ, ಶಾಖ ಚುರುಕು. ಆದರೆ ಇದ್ದಿಲು ಕಲ್ಲಿದ್ದಲಿಗಿಂತ ಹಗುರ, ಬೇಗ ಉರಿದು ಹೋಗುತ್ತದೆ. ಹಾಗಾಗಿ ಕುಂಡ ಇನ್ನೂ ಆಳ ಇರಬೇಕು, ಅಗಲ ಕಡಿಮೆ ಇರಬೇಕು. ಅಗಲ ಜಾಸ್ತಿಯಾದರೆ ಕೆಲಸಕ್ಕೆ ಬಾರದ ಮೂಲೆಯಲ್ಲೆಲ್ಲ ಮಸಿ ಸುಮ್ನೆ ಉರಿಯುತ್ತದೆ.

ನಾನು ಈಗ ಬಳಸುವ ಅಳತೆ ಹೇಳುತ್ತೇನೆ. ಎಲ್ಲವೂ ಒಳಗಿನ ಅಳತೆ. ಮೇಲಿನ ಬಾಯಿ 250 × 200 ಮಿ.ಮೀ., ತಳ 100 × 100, ಆಳ 110. ಕತ್ತಿ, ಮೆಟ್ಟುಕತ್ತಿ, ಹಾರೆ, ಗುದ್ದಲಿ, ಗೇಟಿನ ಕೊಂಡಿ, ಮನೆ ಮಟ್ಟದ ಕೆಲಸಕ್ಕೆಲ್ಲ ಇದು ಧಾರಾಳ ಸಾಕು.

ನಾಲ್ಕು ಗೋಡೆಗೆ ನಾಲ್ಕು ತುಂಡು, ಎಲ್ಲವೂ ಮೇಲೆ ಅಗಲ, ಕೆಳಗೆ ಕಿರಿದು. ಉದ್ದ ಬದಿಯ ಎರಡು ತುಂಡಿಗೆ ಮೇಲಂಚು 250, ಕೆಳಂಚು 100, ನಡುವಿನ ನೇರ ಎತ್ತರ 121. ಗಿಡ್ಡ ಬದಿಯ ಎರಡು ತುಂಡಿಗೆ ಮೇಲಂಚು 200, ಕೆಳಂಚು 100, ನೇರ ಎತ್ತರ 133. ಆಳ 110 ಅಂತ ಹೇಳಿ ಇಲ್ಲಿ 121, 133 ಯಾಕೆ ಬಂತು ಅಂದರೆ ಗೋಡೆ ಓರೆಯಾಗಿ ನಿಲ್ಲುತ್ತದೆ, ಓರೆಯ ಉದ್ದ ಯಾವಾಗಲೂ ಆಳಕ್ಕಿಂತ ಜಾಸ್ತಿ. ಗಿಡ್ಡ ಬದಿ ಜಾಸ್ತಿ ಓರೆ, ಅದಕ್ಕೆ ಅದರ ಎತ್ತರವೂ ಜಾಸ್ತಿ. ಬಳಪದಲ್ಲಿ ಗೆರೆ ಹಾಕಿದ ಮೇಲೆ ಪ್ರತಿ ತುಂಡಿನ ಓರೆ ಅಂಚನ್ನು ಅಳೆಯಿರಿ, ಎಲ್ಲದರಲ್ಲೂ 142 ಬರಬೇಕು. ಬರದಿದ್ದರೆ ಎಲ್ಲೋ ಗೆರೆ ತಪ್ಪಿದೆ. ಕತ್ತರಿಸುವ ಮೊದಲು ಇದೊಂದು ನೋಡಿಕೊಂಡರೆ ಆಮೇಲೆ ಮೂಲೆಗಳಲ್ಲಿ ಬೆರಳು ಹೋಗುವಷ್ಟು ಸಂದು ಬೀಳುವುದಿಲ್ಲ. ಇನ್ನೂ ಧೈರ್ಯ ಸಾಲದಿದ್ದರೆ ರಟ್ಟಿನಲ್ಲಿ ಒಮ್ಮೆ ಕತ್ತರಿಸಿ, ಟೇಪ್ ಹಚ್ಚಿ ನಿಲ್ಲಿಸಿ ನೋಡಿ. ನಾನು ಹಾಗೇ ಮಾಡಿದ್ದು.

ಪ್ಲೇಟ್ 8 ಮಿ.ಮೀ. ದಪ್ಪದ ಎಂ.ಎಸ್., ಅಂದರೆ ಮೈಲ್ಡ್ ಸ್ಟೀಲ್, ಸಾಕು. 10 ಸಿಕ್ಕಿದರೆ ಒಳ್ಳೆಯದೇ. 5ಕ್ಕಿಂತ ತೆಳ್ಳಗೆ ಬೇಡ. ಹೊಸ ಪ್ಲೇಟ್ ತೆಗೆದುಕೊಳ್ಳಬೇಕಾಗಿಲ್ಲ, ಮಂಗಳೂರಿನ ಬಂದರು ಕಡೆಯ ಗುಜರಿ ಅಂಗಡಿಗಳಲ್ಲಿ, ಬೈಕಂಪಾಡಿಯ ಫ್ಯಾಬ್ರಿಕೇಶನ್ ಶೆಡ್ಡುಗಳಲ್ಲಿ, ಉಡುಪಿಯವರಾದರೆ ಮಣಿಪಾಲದ ಇಂಡಸ್ಟ್ರಿಯಲ್ ಏರಿಯಾದಲ್ಲಿ ತುಂಡು ಪ್ಲೇಟ್ ಕೆ.ಜಿ. ಲೆಕ್ಕದಲ್ಲಿ ಸಿಗುತ್ತದೆ. ಮಲ್ಪೆಯಲ್ಲಿ ಸ್ಟೀಲ್ ಬೋಟ್ ಕಟ್ಟುವವರಲ್ಲೂ ವಿಚಾರಿಸಿ, ಅಲ್ಲಿ ಉಳಿಯುವ ಚೂರುಗಳು ನಮ್ಮ ಕುಂಡಕ್ಕೆ ಹೇಳಿ ಮಾಡಿಸಿದ ಹಾಗೆ ಇರುತ್ತವೆ. ಆದರೆ ಬೋಟಿನ ಪ್ಲೇಟಿಗೆ ತುಕ್ಕು ಹಿಡಿಯದ ಹಾಗೆ ಬಣ್ಣ ಬಳಿದಿರುತ್ತಾರೆ, ಅದರಲ್ಲಿ ಸತು ಇರಬಹುದು. ಗ್ರೈಂಡರಿನಲ್ಲಿ ಪೂರ್ತಿ ಉಜ್ಜಿ ಬೆಳ್ಳಗೆ ಮಾಡಿದ ಮೇಲೆಯೇ ಬಳಸಿ. ಅಂಚುಪಟ್ಟಿ, ತಳ ಎಲ್ಲ ಸೇರಿ ಕುಂಡದ ತೂಕ 9 ಕೆ.ಜಿ. ಹತ್ತಿರ ಬರುತ್ತದೆ, ಅದರ ಮೇಲೆ ಪೈಪಿನದ್ದು ಬೇರೆ.

ಬ್ರೇಕ್ ಡ್ರಮ್ಮಿನಲ್ಲಿ ಮಾಡಬಹುದಲ್ಲಾ ಅಂತ ಕೇಳುವವರಿದ್ದಾರೆ. ಜೀಪು, ಕಾರಿನ ಡ್ರಮ್ ಆಗುತ್ತದೆ. ಲಾರಿಯದ್ದು ತುಂಬಾ ಅಗಲ, ಮಸಿ ನುಂಗುತ್ತದೆ. ಡ್ರಮ್ ಬೀಡು ಕಬ್ಬಿಣದ್ದು, ಮಾಮೂಲಿ ರಾಡಿನಲ್ಲಿ ವೆಲ್ಡ್ ಮಾಡಿದರೆ ಪಕ್ಕದಲ್ಲೇ ಬಿರುಕು ಬಿಡುತ್ತದೆ. ಪೈಪಿನ ಬಾಯಿಗೆ ತೂತಿರುವ ಚಪ್ಪಟೆ ಬಳೆ, ಅಂದರೆ ಫ್ಲಾಂಜ್, ಹಾಕಿ ಬೋಲ್ಟ್ ಬಿಗಿಯಿರಿ. ಆದರೂ ಗೋಡೆ ನೇರ ಇರುವ ಕಾರಣ ಕೆಂಡ ತಾನಾಗಿ ನಡುವಿಗೆ ಜಾರುವುದಿಲ್ಲ. ಓರೆ ಗೋಡೆಯ ಸುಖ ಅದರಲ್ಲಿ ಇಲ್ಲ.

ಈಗ ಜೋಡಿಸುವ ಕೆಲಸ. ನಾಲ್ಕೂ ತುಂಡನ್ನು ತಲೆಕೆಳಗಾಗಿ, ಅಂದರೆ ಅಗಲ ಬಾಯಿ ನೆಲಕ್ಕೆ ಬರುವ ಹಾಗೆ, ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಒಳಗಿನ ಅಂಚು ಒಂದಕ್ಕೊಂದು ತಾಗಬೇಕು. ಆಗ ಹೊರಗೆ ತಾನಾಗಿಯೇ ಒಂದು ಚಡಿ ಬಿಡುತ್ತದೆ, ವೆಲ್ಡಿಂಗ್ ತುಂಬಲಿಕ್ಕೆ ಅದೇ ಜಾಗ. ಮೊದಲು ಪ್ರತಿ ಮೂಲೆಗೆ ಎರಡೆರಡು ಟ್ಯಾಕ್, ಅಂದರೆ ಚುಕ್ಕೆಯಷ್ಟು ವೆಲ್ಡ್, ಮಾತ್ರ ಹಾಕಿ. ಬಾಯಿಯ ಎರಡು ಕರ್ಣ ಅಳೆಯಿರಿ, ಎರಡೂ ಒಂದೇ ಬರಬೇಕು, ವ್ಯತ್ಯಾಸ ಇದ್ದರೆ ಸುತ್ತಿಗೆಯಲ್ಲಿ ತಟ್ಟಿ ಸರಿ ಮಾಡಿ. ಆಮೇಲೆ ಎದುರುಬದುರು ಮೂಲೆಗಳನ್ನು ಸ್ವಲ್ಪ ಸ್ವಲ್ಪವೇ ವೆಲ್ಡ್ ಮಾಡುತ್ತಾ ಹೋಗಿ. ಒಂದೇ ಮೂಲೆಯನ್ನು ಒಂದೇ ಸಲ ಮುಗಿಸಿದರೆ ಕುಂಡ ಎಳೆದುಕೊಳ್ಳುತ್ತದೆ. 3.15 ಮಿ.ಮೀ.ಯ ಮಾಮೂಲಿ 6013 ವೆಲ್ಡಿಂಗ್ ರಾಡ್ ಸಾಕು. ವೆಲ್ಡಿಂಗ್ ಮೆಷಿನ್ ಇಲ್ಲದಿದ್ದರೆ ಅಳತೆ ಬರೆದು, ಗೆರೆ ಹಾಕಿದ ಪ್ಲೇಟನ್ನೇ ಶೆಡ್ಡಿಗೆ ಕೊಡಿ. ಬರೀ ಬಾಯಿ ಮಾತಲ್ಲಿ ಹೇಳಿದರೆ ಅವರು ಪೆಟ್ಟಿಗೆ ಮಾಡಿಕೊಡುತ್ತಾರೆ.

ಮೇಲಂಚಿಗೆ ಸುತ್ತಲೂ 40 ಮಿ.ಮೀ. ಅಗಲದ ಪಟ್ಟಿ ಹೊರಕ್ಕೆ ಚಾಚಿದ ಹಾಗೆ ವೆಲ್ಡ್ ಮಾಡಿ. ಕುಂಡ ಕುಲುಮೆಯ ಮೇಜಿನ ತೂತಿನಲ್ಲಿ ನೇತಾಡುವುದು ಈ ಪಟ್ಟಿಯ ಮೇಲೆ. ಪಟ್ಟಿಯ ನಾಲ್ಕು ಮೂಲೆ ಒಂದಕ್ಕೊಂದು ಬೆಸೆಯಬೇಡಿ, 2 ಮಿ.ಮೀ. ಸಂದು ಬಿಡಿ. ಹಾಗೆಯೇ ಕುಂಡವನ್ನು ಮೇಜಿಗೆ ವೆಲ್ಡ್ ಮಾಡಲೇಬೇಡಿ. ಕಬ್ಬಿಣ 500 ಡಿಗ್ರಿ ಬಿಸಿಯಾದರೆ ಈ ಉದ್ದದ ಕುಂಡ ಸುಮಾರು ಒಂದೂವರೆ ಮಿ.ಮೀ. ಹಿಗ್ಗುತ್ತದೆ. ಹಿಗ್ಗಲು ಜಾಗ ಇಲ್ಲದಿದ್ದರೆ ಎಲ್ಲಾದರೂ ಒಂದು ಕಡೆ ಸೀಳುತ್ತದೆ ಅಥವಾ ಮೇಜಿನ ತಗಡು ಉಬ್ಬುತ್ತದೆ. ಮೇಜಿನ ತೂತನ್ನು ಕುಂಡದ ಹೊರ ಅಳತೆಗಿಂತ ಸುತ್ತಲೂ 3 ಮಿ.ಮೀ. ದೊಡ್ಡದಾಗಿ ಕೊರೆಯಿರಿ, ಕುಂಡವನ್ನು ಸುಮ್ನೆ ಇಳಿಸಿ ಕೂರಿಸಿ, ಅಷ್ಟೇ.

ತಳಕ್ಕೆ 120 × 120 ಅಳತೆಯ, 10 ಮಿ.ಮೀ. ದಪ್ಪದ ಪ್ಲೇಟ್. ನಡುವೆ 52 ಮಿ.ಮೀ. ತೂತು. ಇದರ ಮೇಲೆ ಕುಂಡದ ಒಳಗೆ ಇನ್ನೊಂದು ತುಂಡು, 95 × 95, ಅದೂ 10 ಮಿ.ಮೀ., ಇದು ಜಾಲರಿ. ಜಾಲರಿಯನ್ನು ವೆಲ್ಡ್ ಮಾಡಬಾರದು, ಸುಮ್ನೆ ಇಡುವುದು. ಬೆಂಕಿ ಮೊದಲು ತಿನ್ನುವುದು ಇದನ್ನೇ, ತೆಗೆದು ಬದಲಾಯಿಸುವ ಹಾಗಿರಬೇಕು. ಜಾಲರಿಯಲ್ಲಿ ಮೂರು ಸೀಳು, ಪ್ರತಿಯೊಂದೂ 8 ಮಿ.ಮೀ. ಅಗಲ. ನಡುವಿನದ್ದು 48 ಉದ್ದ, ಅಕ್ಕಪಕ್ಕದವು 30. ಒಂದರ ನಡುವಿನಿಂದ ಇನ್ನೊಂದರ ನಡುವಿಗೆ 16 ಮಿ.ಮೀ. ಹೀಗೆ ಮಾಡಿದರೆ ಮೂರೂ ಸೀಳು ಕೆಳಗಿನ ಪೈಪಿನ ಬಾಯಿಯ ಒಳಗೇ ಬೀಳುತ್ತವೆ. 8ರ ಡ್ರಿಲ್ಲಿನಲ್ಲಿ ಸಾಲಾಗಿ ತೂತು ಕೊರೆದು ನಡುವಿನ ಉಳಿಕೆಯನ್ನು ಅರದಲ್ಲಿ ಉಜ್ಜಿ ತೆಗೆದರಾಯಿತು. ಸೀಳು ಇದಕ್ಕಿಂತ ಅಗಲ ಮಾಡಿದರೆ ಗೆರಟೆ ಮಸಿಯ ಚೂರೆಲ್ಲ ಕೆಳಗೆ ಸುರಿಯುತ್ತದೆ.

ಪೈಪಿನ ವಿಷಯದಲ್ಲಿ ಒಂದು ಮಾತು, ದಯವಿಟ್ಟು ಗಮನ ಕೊಟ್ಟು ಓದಿ. ಅಂಗಡಿಯಲ್ಲಿ ಥಟ್ಟಂತ ಸಿಗುವುದು ನೀರಿನ ಜಿ.ಐ. ಪೈಪು, ಪೈಪು ಕೂಡಿಸುವ T ಆಕಾರದ ತುಂಡು, ಅಂದರೆ ಟೀ, ಕೂಡ ರೆಡಿ ಇರುತ್ತದೆ. ಅದಕ್ಕೆ ಸತುವಿನ ಲೇಪ ಉಂಟು. ಸತು 907 ಡಿಗ್ರಿಗೆ ಕುದಿದು ಆವಿಯಾಗುತ್ತದೆ, ವೆಲ್ಡಿಂಗಿನ ಬಿಸಿ ಅದಕ್ಕಿಂತ ಎಷ್ಟೋ ಜಾಸ್ತಿ. ಆಗ ಬರುವ ಬೆಳ್ಳಗಿನ ಹೊಗೆ ಕುಡಿದರೆ ಜ್ವರ ಬರುತ್ತದೆ. ನಾನೊಮ್ಮೆ ಶೆಡ್ಡಿನ ಬಾಗಿಲು ಅರ್ಧ ಹಾಕಿಕೊಂಡು ಜಿ.ಐ. ಟೀ ವೆಲ್ಡ್ ಮಾಡಿದೆ. ಬಾಯಲ್ಲಿ ಸಿಹಿ ಸಿಹಿ ಲೋಹದ ರುಚಿ, ರಾತ್ರಿ ಎರಡು ಕಂಬಳಿ ಹೊದ್ದರೂ ಹಲ್ಲು ಕಟಕಟ. ಹಾಲು ಕುಡಿದರೆ ಏನೂ ಆಗುವುದಿಲ್ಲ ಅಂತ ಹೇಳುವವರಿದ್ದಾರೆ, ಅದನ್ನು ನಂಬಿ ಕೂರಬೇಡಿ. ಕಪ್ಪು ಎಂ.ಎಸ್. ಪೈಪ್ ಕೇಳಿ ತನ್ನಿ.

ಎರಡು ಇಂಚಿನ ಪೈಪ್ 200 ಮಿ.ಮೀ. ಉದ್ದ ಕತ್ತರಿಸಿ ತಳದ ಪ್ಲೇಟಿನ ತೂತಿನ ಕೆಳಗೆ ನೇರ ಕೆಳಮುಖವಾಗಿ ವೆಲ್ಡ್ ಮಾಡಿ. ಅದರ ಅರ್ಧದಲ್ಲಿ ಬದಿಗೆ ಒಂದೂವರೆ ಇಂಚಿನ ಪೈಪ್, ಗಾಳಿ ಬರುವುದು ಅದರಲ್ಲಿ. ಬದಿಯ ಪೈಪ್ ಎರಡು ಅಡಿಯಾದರೂ ಉದ್ದ ಇರಲಿ, ಬ್ಲೋವರಿನ ಪ್ಲಾಸ್ಟಿಕ್ ಬಾಯಿಗೆ ಬಿಸಿ ತಾಗಬಾರದು. ನೇರ ಪೈಪಿನ ಕೆಳಬಾಯಿಗೆ ಬೂದಿ ಬೀಳಿಸುವ ಮುಚ್ಚಳ ಬೇಕು. ಒಂದು ತುಂಡು ಪ್ಲೇಟಿಗೆ ಒಂದು ಬದಿ ಕೀಲು, ಕೀಲಿನ ಆಚೆ ಒಂದು ಬಾಲ, ಬಾಲಕ್ಕೆ ಒಂದೆರಡು ದೊಡ್ಡ ನಟ್ಟು ಭಾರಕ್ಕೆ. ಬಾಲದ ಭಾರಕ್ಕೆ ಮುಚ್ಚಳ ತಾನಾಗಿ ಮುಚ್ಚಿರುತ್ತದೆ, ಕಾಲಲ್ಲಿ ಬಾಲ ಎತ್ತಿದರೆ ಬೂದಿ ಕೆಳಗೆ ಇಟ್ಟ ನೀರಿಲ್ಲದ ಡಬ್ಬಕ್ಕೆ ಬೀಳುತ್ತದೆ.

ಈ ಮುಚ್ಚಳ ಬರೀ ಬೂದಿಗೆ ಅಂತ ತಿಳಿಯಬೇಡಿ. ಗಾಳಿ ನಿಲ್ಲಿಸಿದಾಗ ಉರಿಯುವ ಅನಿಲ ಕೆಳಗೆ ಪೈಪಿನೊಳಗೆ ತುಂಬಿಕೊಳ್ಳುತ್ತದೆ, ಮತ್ತೆ ಬ್ಲೋವರ್ ಹಾಕಿದ ಕೂಡಲೇ ಅದು ಪಟ್ಟನೆ ಹೊತ್ತಿ ಸಿಡಿಯುತ್ತದೆ. ಕಲ್ಲಿದ್ದಲಿನಲ್ಲಿ ಇದು ಜಾಸ್ತಿ, ಇದ್ದಿಲಿನಲ್ಲಿ ಕಡಿಮೆ, ಆದರೂ ಅಭ್ಯಾಸ ಒಂದೇ ಇರಲಿ: ಗಾಳಿ ನಿಲ್ಲಿಸಿದರೆ ಬೂದಿ ಮುಚ್ಚಳ ತೆರೆದಿಡಿ, ಗಾಳಿ ಶುರು ಮಾಡಿ ಎರಡು ಕ್ಷಣ ಆದ ಮೇಲೆ ಮುಚ್ಚಿ. ಮುಚ್ಚಳವನ್ನು ಬೋಲ್ಟ್ ಹಾಕಿ ಬಿಗಿಯಬೇಡಿ.

ಬ್ಲೋವರ್ ಕೈಯಿಂದ ತಿರುಗಿಸುವುದಾದರೆ ಬಹಳ ಒಳ್ಳೆಯದು. ಕರೆಂಟ್ ಹೋದರೂ ಕೆಲಸ ನಿಲ್ಲುವುದಿಲ್ಲ, ಮತ್ತೆ ನೀವು ಕೈ ಬಿಟ್ಟರೆ ಗಾಳಿ ನಿಲ್ಲುತ್ತದೆ, ಮಸಿ ಉಳಿಯುತ್ತದೆ. ಕರೆಂಟಿನದ್ದಾದರೆ ಗಾಳಿ ಪೈಪಿನ ನಡುವೆ ಒಂದು ಸೀಳು ಮಾಡಿ ತಗಡಿನ ಅಡ್ಡಪಟ್ಟಿ ತೂರಿಸಿ, ಅದನ್ನು ಒಳಗೆ ಹೊರಗೆ ಜಾರಿಸಿ ಗಾಳಿ ಹದ ಮಾಡಿ. ಫ್ಯಾನಿನ ರೆಗ್ಯುಲೇಟರ್ ಹಾಕಿದರೆ ಕೆಲವು ಮೋಟಾರು ಬಿಸಿಯಾಗಿ ಸುಟ್ಟು ಹೋಗುತ್ತವೆ. ಗೆರಟೆ ಮಸಿಗೆ ಬೇಕಾದ ಗಾಳಿ ನೀವು ಅಂದುಕೊಂಡದ್ದಕ್ಕಿಂತ ಕಡಿಮೆ. ಮೇಲೆ ಕಿಡಿ ಪಟಾಕಿಯ ಹಾಗೆ ಹಾರುತ್ತಿದ್ದರೆ ಗಾಳಿ ಜಾಸ್ತಿಯಾಗಿದೆ ಅಂತಲೇ ಲೆಕ್ಕ.

ಇನ್ನು ಮಣ್ಣಿನ ಲೇಪ. ಇದು ಬೇಕೇ ಬೇಕು ಅಂತ ಇಲ್ಲ, ಆದರೆ ಹಾಕಿದರೆ ಮಸಿ ಉಳಿಯುತ್ತದೆ, ಪ್ಲೇಟೂ ಬಾಳುತ್ತದೆ. ನಮ್ಮ ಊರಿನಲ್ಲಿ ಇದಕ್ಕೆ ಬೇಕಾದದ್ದೆಲ್ಲ ಕಾಲಬುಡದಲ್ಲೇ ಉಂಟು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದು ಇಲ್ಲಿನ ಹೊಳೆದಡದ ಜೇಡಿಮಣ್ಣು ಇದ್ದ ಕಾರಣಕ್ಕೆ. ಆ ಹಂಚಿನ ಒಡೆದ ಚೂರು ಪ್ರತಿ ಹಳೆ ಮನೆಯ ಹಿತ್ತಿಲಲ್ಲಿ ರಾಶಿ ಬಿದ್ದಿರುತ್ತದೆ. ಆ ಚೂರನ್ನು ಗೋಣಿಯಲ್ಲಿ ಸುತ್ತಿ ಜಜ್ಜಿ, ಅಕ್ಕಿ ಕಾಳಿನಷ್ಟು ದಪ್ಪಕ್ಕೆ ಜರಡಿ ಹಿಡಿಯಿರಿ. ಹಂಚಿನ ಪುಡಿ ಒಮ್ಮೆ ಬೆಂದ ಮಣ್ಣು, ಮತ್ತೆ ಕುಗ್ಗುವುದಿಲ್ಲ, ಹಾಗಾಗಿ ಲೇಪ ಒಣಗುವಾಗ ಬಿರುಕು ಕಡಿಮೆ. ಎರಡು ಪಾಲು ಜೇಡಿಮಣ್ಣು, ಎರಡು ಪಾಲು ಹಂಚಿನ ಪುಡಿ, ಒಂದು ಪಾಲು ಭತ್ತದ ಉಮಿಯ ಬೂದಿ. ನೀರು ಆದಷ್ಟು ಕಡಿಮೆ. ಮುಷ್ಟಿಯಲ್ಲಿ ಹಿಸುಕಿದರೆ ಉಂಡೆಯಾಗಿ ನಿಲ್ಲಬೇಕು, ಕೈಗೆ ಅಂಟಬಾರದು. ಮರಳು ಹಾಕುವುದಾದರೆ ಹೊಳೆಯದ್ದು ಹಾಕಿ, ಸಮುದ್ರದ ಮರಳಿನ ಉಪ್ಪು ಪ್ಲೇಟನ್ನು ತುಕ್ಕು ಹಿಡಿಸುತ್ತದೆ.

ತಳದಿಂದ 40 ಮಿ.ಮೀ. ಎತ್ತರದವರೆಗೆ ಲೇಪ ಹಾಕಬೇಡಿ, ಅಲ್ಲಿಂದ ಮೇಲಕ್ಕೆ 15 ಮಿ.ಮೀ. ದಪ್ಪಕ್ಕೆ ಒತ್ತಿ ಹಚ್ಚಿ. ಕೆಳಗೆ ಬಿಡುವುದು ಯಾಕೆಂದರೆ, ತಳದವರೆಗೂ ಹಚ್ಚಿದರೆ ಜಾಲರಿ ಒಳಗೇ ಸಿಕ್ಕಿಕೊಳ್ಳುತ್ತದೆ, ಬದಲಾಯಿಸಬೇಕಾದಾಗ ಲೇಪವನ್ನೇ ಒಡೆಯಬೇಕು. ನನಗೆ ಇದು ತಿಳಿದದ್ದು ಒಡೆದ ಮೇಲೆ. ನೆರಳಲ್ಲಿ ನಾಲ್ಕೈದು ದಿನ ಒಣಗಲಿ, ಮಳೆಗಾಲದಲ್ಲಾದರೆ ಹತ್ತು ದಿನ ಬೇಕು. ಬಿಸಿಲಿಗೆ ಇಟ್ಟರೆ ಮೇಲೆ ಒಣಗಿ ಒಳಗೆ ಹಸಿ ಉಳಿಯುತ್ತದೆ.

ಮೇಜನ್ನು 40 × 40ರ ಆಂಗಲ್ಲಿನಲ್ಲಿ, ಅಂದರೆ L ಆಕಾರದ ಕಬ್ಬಿಣದ ಪಟ್ಟಿಯಲ್ಲಿ, ಮಾಡಿ, ನಿಮ್ಮ ಸೊಂಟಕ್ಕಿಂತ ಸ್ವಲ್ಪ ಕೆಳಗೆ ಬರುವ ಎತ್ತರಕ್ಕೆ. ಕೆಂಪುಕಲ್ಲಿನ ಕಟ್ಟೆ ಕಟ್ಟಿದರೂ ಚೆನ್ನ, ಆದರೆ ಕಲ್ಲು ನೇರ ಕೆಂಡಕ್ಕೆ ತಾಗಬಾರದು. ಕೆಂಪುಕಲ್ಲು ನೀರು ಕುಡಿದು ಇಟ್ಟುಕೊಂಡಿರುತ್ತದೆ, ಬಿಸಿಗೆ ಆವಿಯಾಗಿ ಚಕ್ಕೆ ಸಿಡಿಯುತ್ತದೆ.

ಮೊದಲ ಬೆಂಕಿ ಸಣ್ಣದಾಗಿರಲಿ. ಒಣ ಮಡಲಿನ ಸೂಟೆ (ತೆಂಗಿನ ಗರಿಯ ಕಟ್ಟು), ಸ್ವಲ್ಪ ತೆಂಗಿನ ಸಿಪ್ಪೆ, ಅದರ ಮೇಲೆ ಒಂದು ಹಿಡಿ ಮಸಿ. ಊದದೆ ಒಂದು ಗಂಟೆ ಹಾಗೇ ಬಿಡಿ. ಲೇಪದಿಂದ ಆವಿ ಬರುವುದು ನಿಂತ ಮೇಲೆ ನಿಧಾನಕ್ಕೆ ಗಾಳಿ ಕೊಡಿ. ಗೆರಟೆ ಮಸಿಯನ್ನು ಹಾಗೇ ದೊಡ್ಡ ಚಿಪ್ಪಾಗಿ ತುಂಬಬೇಡಿ, ಒಂದರೊಳಗೊಂದು ಬಟ್ಟಲಿನ ಹಾಗೆ ಕೂತು ಗಾಳಿಗೆ ದಾರಿ ಮುಚ್ಚುತ್ತವೆ. ಐದು ರೂಪಾಯಿ ನಾಣ್ಯದಷ್ಟು ದೊಡ್ಡ ಚೂರು ಮಾಡಿ, ಪುಡಿಯನ್ನು ಜರಡಿ ಹಿಡಿದು ತೆಗೆಯಿರಿ.

ಆಮೇಲೆ ಪರೀಕ್ಷೆ. ಕುಂಡ ತುಂಬಿ, ಅಂಚಿಗಿಂತ ಎರಡು ಮೂರು ಇಂಚು ಮೇಲೆ ರಾಶಿ ಬರುವ ಹಾಗೆ ಮಸಿ ಹಾಕಿ. 12 ಮಿ.ಮೀ. ಸರಳೊಂದನ್ನು ರಾಶಿಯ ನಡುವೆ ಅಡ್ಡ ಮಲಗಿಸಿ. ಅಂಚಿನ ಮೇಲೆ ಮಲಗಿದರೆ ಅದು ಜಾಲರಿಯಿಂದ ನಾಲ್ಕು ಇಂಚು ಮೇಲೆ ಇರುತ್ತದೆ, ಸರಿಯಾದ ಜಾಗ. ತುದಿಯನ್ನು ಕೆಳಮುಖವಾಗಿ ಚುಚ್ಚಬೇಡಿ, ತುದಿ ನೇರ ಗಾಳಿಬಾಯಿಗೆ ಹೋಗಿ ಸುಡುತ್ತದೆ. ಸ್ವಲ್ಪ ಹೊತ್ತಿಗೆ ಸರಳು ಮೊದಲು ಕಡು ಕೆಂಪು, ಆಮೇಲೆ ಮಾಗಿದ ಹಲಸಿನ ತೊಳೆಯಂಥ ಬಣ್ಣಕ್ಕೆ ಬರುತ್ತದೆ. ಹೊರತೆಗೆದು ನೋಡಿ: ಮೈ ನುಣ್ಣಗೆ ಹೊಳೆಯುತ್ತಾ ಇದ್ದರೆ, ಹೊಡೆದಾಗ ಪೊರೆ ತೆಳ್ಳಗೆ ಪುಡಿಯಾಗಿ ಉದುರಿದರೆ ಕುಂಡ ಸರಿಯಾಗಿದೆ. ದಪ್ಪ ಚಕ್ಕೆ ಏಳುತ್ತಿದ್ದರೆ ಮೊದಲು ಗಾಳಿ ಕಡಿಮೆ ಮಾಡಿ, ಆಗಲೂ ಏಳುತ್ತಿದ್ದರೆ ಇನ್ನಷ್ಟು ಮಸಿ ಹಾಕಿ ಕಬ್ಬಿಣವನ್ನು ಮೇಲಕ್ಕೆ ಎತ್ತಿ. ತುದಿಯಿಂದ ಬಿಳಿ ನಕ್ಷತ್ರದ ಹಾಗೆ ಕಿಡಿ ಸಿಡಿದರೆ ಕಬ್ಬಿಣವೇ ಉರಿಯುತ್ತಿದೆ, ಆ ತುದಿ ಕತ್ತರಿಸಿ ಬಿಸಾಡಬೇಕು.

ಮಳೆ ಬಂತು ಅಂತ ಕುಲುಮೆಯನ್ನು ಗ್ಯಾರೇಜಿನೊಳಗೆ ತಂದು ಬಾಗಿಲು ಹಾಕಿಕೊಳ್ಳಬೇಡಿ ಮಾರಾಯ್ರೆ. ಇದ್ದಿಲಿನಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ಹೊಗೆ ಇಲ್ಲ, ತಲೆ ಭಾರ ಆಗುವಷ್ಟರಲ್ಲಿ ಎದ್ದು ಹೊರಬರುವ ಶಕ್ತಿಯೂ ಹೋಗಿರಬಹುದು. ಮೇಲೆ ಸೂರು, ಸುತ್ತ ಬಯಲು, ಅಂಥ ಜಾಗ ಬೇಕು. ಮೈಮೇಲೆ ಹತ್ತಿ ಬಟ್ಟೆ, ಕಣ್ಣಿಗೆ ಕನ್ನಡಕ. ವೆಲ್ಡಿಂಗ್, ಗ್ರೈಂಡಿಂಗನ್ನು ಒದ್ದೆ ನೆಲದಲ್ಲಿ ನಿಂತು ಮಾಡಲೇಬೇಡಿ.

ನಮ್ಮ ಕರಾವಳಿಯಲ್ಲಿ ಕುಂಡವನ್ನು ಬೆಂಕಿಗಿಂತ ಜಾಸ್ತಿ ತಿನ್ನುವುದು ತುಕ್ಕು. ಬೂದಿ ತೇವ ಎಳೆದುಕೊಂಡು ಪ್ಲೇಟಿಗೆ ಅಂಟಿ ಕೂತರೆ ಒಂದೇ ಮಳೆಗಾಲಕ್ಕೆ ತಳದ ವೆಲ್ಡಿಂಗ್ ಸಡಿಲ ಆಗುತ್ತದೆ. ಮೇ ಕೊನೆಗೆ ಜಾಲರಿ ತೆಗೆದು, ಬೂದಿ ಪೂರ್ತಿ ಬಳಿದು, ಲೇಪ ಇಲ್ಲದ ಕಡೆಗೆಲ್ಲ ಹಳೆ ಎಂಜಿನ್ ಆಯಿಲ್ ಸವರಿ, ಬೂದಿ ಮುಚ್ಚಳ ತೆರೆದಿಟ್ಟು, ಮೇಲೆ ಒಂದು ತಗಡು ಮುಚ್ಚಿ. ಮತ್ತೆ ಬೆಂಕಿ ಹಾಕುವ ದಿನ ಆ ಎಣ್ಣೆ ಉರಿದು ಹೋಗುವವರೆಗೆ ಸ್ವಲ್ಪ ದೂರ ನಿಲ್ಲಿ. ಜಾಲರಿ ಕೊರೆಯುವಾಗ ಡ್ರಿಲ್ ಕೈಯಲ್ಲಿದ್ದಾಗಲೇ ಎರಡು ಮಾಡಿಟ್ಟುಕೊಳ್ಳಿ. ನನ್ನ ಮೊದಲನೆಯದರ ನಡುವಿನ ಸೀಳು ಈಗ ಹೆಬ್ಬೆರಳು ಹೋಗುವಷ್ಟು ಅಗಲ ಆಗಿದೆ, ಮುಂದಿನ ಭಾನುವಾರ ಎರಡನೆಯದನ್ನು ಇಳಿಸಬೇಕು.